ಜೈ ಹಿಂದ್, ಐದು ರೂಪಾಯಿ ಬಂತಾ?

ಕೆ.ಆರ್.ಪೇಟೆ ಸೀಮೆಯ ತೆಂಡೇಕೆರೆ ಸಂತೆಯಲ್ಲಿ ಒಂದು ಜೊತೆ ಹೋರಿಗೆ ವ್ಯಾಪಾರ ಕುದುರಿಸುವ ಮಾಕವಳ್ಳಿ ಕಡೆಯ ರೈತನನ್ನು ನೋಡಬೇಕು. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ಹುಡುಕುತ್ತಾನೆ, ನಡೆಸಿ ಕಾಲು ನೋಡುತ್ತಾನೆ. ದಲ್ಲಾಳಿಯ ಟವಲಿನೊಳಗೆ ಕೈಯಿಟ್ಟು ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಕುದುರಲಿಲ್ಲವೋ, ಕೋಪ ಬಂದವನಂತೆ ಎದ್ದು ಹೋಗಿ ಟೀ ಕುಡಿದು, ಏನೂ ಆಗದವನಂತೆ ವಾಪಸು ಬರುತ್ತಾನೆ. ಹತ್ತು ದಲ್ಲಾಳಿಗಳು ಸೇರಿದರೂ ಇವನ ಟವಲು ಕದಿಯಲಾರರು.

ಅದೇ ಮಹಾಶಯ ಹಳೇ ಮೊಬೈಲನ್ನು ಆನ್‌ಲೈನಿಗೆ ಹಾಕಿದ ದಿನ ಪರಮ ಆಸ್ತಿಕನಾಗಿಬಿಡುತ್ತಾನೆ.

ಫೋನಿನ ಜಾತಕ ಹೀಗಿದೆ: ಮೂಲೆಯಲ್ಲಿ ಗಾಜು ಸೀಳಿದೆ, ಕಬ್ಬಿನ ಗದ್ದೆಯ ಕಾಲುವೆಯಲ್ಲಿ ಒಮ್ಮೆ ಮುಳುಗೆದ್ದಿದೆ, ಚಾರ್ಜು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿಯುತ್ತದೆ. ಬೆಲೆ 8,000 ಎಂದು ಹಾಕಿ, 5,000ಕ್ಕೆ ಇಳಿಯಲು ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದಾನೆ. ಜಾಹೀರಾತು ಹಾಕಿ ಬೀಡಿ ಹಚ್ಚುವಷ್ಟರಲ್ಲಿ ಕರೆ.

‘ಜೈ ಹಿಂದ್ ಸರ್. ಆರ್ಮಿಯಿಂದ ಮಾತಾಡ್ತಿರೋದು.’

ಹಿಂದಿಯಲ್ಲಿ ಹೇಳಿದ್ದರಲ್ಲಿ ಇಷ್ಟು ಮಾತ್ರ ಅರ್ಥವಾಗುತ್ತದೆ, ಆದರೆ ಅಷ್ಟೇ ಸಾಕು. ಕೇಳದೆಯೇ ವಾಟ್ಸ್‌ಆ್ಯಪಿಗೆ ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಆಧಾರ್ ಬಂದು ಬೀಳುತ್ತವೆ. ಯಾರದ್ದೋ ನಿಜವಾದ ಯೋಧನ ದಾಖಲೆ ಕದ್ದು ಹಂಚುತ್ತಿರಬಹುದು ಎಂಬ ಯೋಚನೆ ಬರುವ ಮುಂಚೆಯೇ ನಮ್ಮಣ್ಣ ಎದ್ದು ನಿಂತು ಮಾತಾಡುತ್ತಿರುತ್ತಾನೆ. ಗಡಿ ಕಾಯುವವನಿಗೆ ಇಡೀ ದೇಶದಲ್ಲಿ ಬೇರೆಲ್ಲೂ ಸಿಗದೆ ಹೇಮಾವತಿ ಸೀಮೆಯ ಈ ಸೀಳುಗಾಜೇ ಯಾಕೆ ಬೇಕಾಯ್ತು ಎಂದು ಕೇಳುವುದು ಹೇಗೆ? ದೇಶದ್ರೋಹವಾದೀತು.

ಬೆಲೆಯ ಮಾತು ಬಂದಾಗ ಅಸಲು ಪವಾಡ. ‘ಎಂಟು ಸಾವಿರವಾ? ಆಯ್ತು ಸರ್.’ ಒಂದು ರೂಪಾಯಿ ಚೌಕಾಸಿಯಿಲ್ಲ! ಫೋನು ನೋಡಬೇಕಾಗಿಲ್ಲ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಕೇಳಬೇಕಾಗಿಲ್ಲ, ಕೊರಿಯರಿನವನು ಬಂದು ಒಯ್ಯುತ್ತಾನಂತೆ. ಸಂತೆಯಲ್ಲಿ ಹಲ್ಲು ನೋಡದೆ ಹೇಳಿದ ಬೆಲೆಗೇ ಒಪ್ಪಿದವನನ್ನು ಕಂಡರೆ ‘ಇವ್ನ ದುಡ್ಡು ಖೋಟಾ ಇರಬೇಕು ಕಣ್ಲಾ’ ಎಂದು ಹಗ್ಗ ಬಿಗಿ ಹಿಡಿಯುವವನು, ಇಲ್ಲಿ ಮಾತ್ರ ‘ಮಿಲಿಟರಿಯೋರು ದೊಡ್ಡ ಮನ್ಸು’ ಎಂದು ಕರಗುತ್ತಾನೆ. ಕೊಳ್ಳುವ ಮನಸ್ಸಿರುವವನು ಕೊಸರಾಡುತ್ತಾನೆ. ಕೊಸರಾಡದವನು ಕೊಳ್ಳಲು ಬಂದವನೇ ಅಲ್ಲ. ಇದನ್ನು ಹೇಮಗಿರಿ ದನಗಳ ಜಾತ್ರೆಗೆ ಅಪ್ಪನ ಹೆಗಲೇರಿ ಹೋದ ಮಗುವೂ ಬಲ್ಲದು. ಫೋನು ಕೈಗೆ ಬಂದ ಕೂಡಲೇ ಮರೆಯುತ್ತದೆ.

ಮುಂದಿನದು ಶಾಸ್ತ್ರೋಕ್ತ. ಮೊದಲು ಖಾತೆಗೆ 5 ರೂಪಾಯಿ ಬರುತ್ತದೆ. ‘ಬಂತಾ ಸರ್?’ ಬಂತು! ಐದು ಬಂದ ದಾರಿಯಲ್ಲಿ ಎಂಟು ಸಾವಿರವೂ ಬರಲೇಬೇಕಲ್ಲ. ಆಮೇಲೆ ಒಂದು ಕ್ಯೂಆರ್ ಚಿತ್ರ. ‘ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ದುಡ್ಡು ತಗೊಳ್ಳಿ.’ ಯುಪಿಐ ಶುರುವಾದ 2016ರಿಂದ ಇಂದಿನವರೆಗೆ ದುಡ್ಡು ಪಡೆಯಲು ಯಾರಿಗೂ ಪಿನ್ ಬೇಕಾಗಿಲ್ಲ; ಪಿನ್ ಒತ್ತುವುದು ದುಡ್ಡು ಕೊಡುವವನ ಕೆಲಸ. ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ದಿನವೂ ಸೌತೆಕಾಯಿಗೆ 20 ರೂಪಾಯಿ ಸ್ಕ್ಯಾನ್ ಮಾಡುವ ಈ ಅಣ್ಣನಿಗೆ ಅದು ಗೊತ್ತು. ಸೌತೆಕಾಯಿ ಮಾರುವ ಅಜ್ಜಿ ಪಿನ್ ಒತ್ತಿದ್ದನ್ನು ಅವನು ಎಂದೂ ಕಂಡಿಲ್ಲ. ಆದರೂ ಒತ್ತುತ್ತಾನೆ. ಎಂಟು ಸಾವಿರ ಹೋಗುತ್ತದೆ. ‘ಸಾರಿ ಸರ್, ಉಲ್ಟಾ ಆಯ್ತು, ವಾಪಸ್ ಬರಕ್ಕೆ ಇನ್ನೊಂದು ಸಲ ಒತ್ತಿ.’ ನಂಬಿದರೆ ನಂಬಿ, ಇನ್ನೊಂದು ಸಲವೂ ಒತ್ತುವವರಿದ್ದಾರೆ.

ಅತ್ತ ಕಡೆಯ ‘ಮೇಜರ್’ ಸಾಹೇಬರ ಠಾಣ್ಯ ಎಲ್ಲಿ? ಇಂಥ ಪ್ರಕರಣಗಳ ಜಾಡು ಹಿಡಿದ ಪೊಲೀಸರು ಎಷ್ಟೋ ಸಲ ರಾಜಸ್ಥಾನದ ಭರತ್‌ಪುರ, ಹರಿಯಾಣದ ನೂಹ್ ಸುತ್ತಲಿನ ಹಳ್ಳಿಗಳಿಗೆ ಹೋಗಿ ನಿಂತಿದ್ದಾರೆ. ಅಂದರೆ ಅವನೂ ಹೊಲದ ಬದುವಿನ ಮೇಲೆ ಕೂತವನೇ. ಗ್ರಾಮ ಗ್ರಾಮಗಳನ್ನು ಬೆಸೆಯುತ್ತೇವೆಂದು ಸರ್ಕಾರ ಹೇಳಿದ್ದು ಸುಳ್ಳಾಗಲಿಲ್ಲ. ಇಂಥ ಮೋಸ ತಡೆಯಲೆಂದು, ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ಹಣ ಕೇಳುವ ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆದರೆ ಕ್ಯೂಆರ್ ಚಿತ್ರ ಮತ್ತು ನಮ್ಮಣ್ಣನ ಹೆಬ್ಬೆರಳು ಎರಡೂ ಸೇವೆಯಲ್ಲಿ ಮುಂದುವರಿದಿವೆ. ಹಣ ಹೋದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದನ್ನು ದಾರಿಯಲ್ಲಿ ತಡೆಯುವ ಆಸೆಯಿರುತ್ತದೆ. ನಮ್ಮಲ್ಲಿ ಮೊದಲು ಭಾವಮೈದನಿಗೆ, ಆಮೇಲೆ ಪಂಚಾಯ್ತಿ ಮೆಂಬರಿಗೆ, ಮೂರನೇ ದಿನ 1930ಕ್ಕೆ.

ಬುದ್ಧಿ ಬಂದು ಊರಿನವನಿಗೇ, ಅರಳಿಕಟ್ಟೆ ಮೇಲೆ, ಎದುರೆದುರು ಮಾರಿದರೆ? ಹಣ ಬಂದಿದೆಯೆಂದು ತೋರಿಸುವ ಸ್ಕ್ರೀನ್‌ಶಾಟನ್ನು ಬಿಟ್ಟು ಬ್ಯಾಂಕಿನ ಬ್ಯಾಲೆನ್ಸನ್ನೇ ನೋಡಿದರೆ ಅರ್ಧ ಗೆದ್ದಂತೆ. ದನ ಮಾರಿದರೆ ರಸೀದಿ ಬರೆಸುವ ನಾವು, ಫೋನು ಮಾರುವಾಗ *#06# ಒತ್ತಿ ಬರುವ 15 ಅಂಕಿಯ ಐಎಂಇಐ ಬರೆದು, ತಾರೀಕು ಹಾಕಿ, ಕೊಂಡವನ ಸಹಿ ತೆಗೆದುಕೊಳ್ಳಲು ನಾಚುತ್ತೇವೆ. ನಾಳೆ ಆ ಫೋನಿನಿಂದ ಯಾರೋ ಯಾರಿಗೋ ಬೆದರಿಕೆ ಹಾಕಿದರೆ ಪೊಲೀಸರಿಗೆ ಸಿಗುವುದು ಅಂಗಡಿಯ ಬಿಲ್ಲಿನಲ್ಲಿರುವ ನಮ್ಮ ಹೆಸರು. ಕೊಳ್ಳುವವನೂ KYM ಎಂದು ಬರೆದು ಆ ಸಂಖ್ಯೆ ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಮಾಲು ಕದ್ದದ್ದೋ ಏನೋ ಎಂಬ ಸುಳಿವು ಸಿಗುತ್ತದೆ. ಆದರೆ ಅವನು ನೋಡುವುದು ಹಿಂದಿನ ಕವರು ಹೊಸದೋ ಎಂದು.

ದನ ಕೊಟ್ಟರೂ ಹಗ್ಗ ಕೊಡದವರಿದ್ದಾರೆ ನಮ್ಮಲ್ಲಿ. ಫೋನಿಗೆ ಬಂದರೆ ಹಗ್ಗವೂ ಹೋಗುತ್ತದೆ. ನಮ್ಮಣ್ಣ ಹೆಂಡತಿಯ ಫೋಟೊಗಳನ್ನು ಒಂದೊಂದಾಗಿ ಅಳಿಸಿ ನಿಟ್ಟುಸಿರು ಬಿಡುತ್ತಾನೆ. ಅವೆಲ್ಲ ಗ್ಯಾಲರಿಯ ಕಸದ ಬುಟ್ಟಿಯಲ್ಲಿ ವಾರಗಟ್ಟಲೆ ಸುಖವಾಗಿರುತ್ತವೆ. ಬ್ಯಾಂಕ್ ಆ್ಯಪು, ವಾಟ್ಸ್‌ಆ್ಯಪು, ಮೆಮೊರಿ ಕಾರ್ಡು ಹಾಗೇ. ಗೂಗಲ್ ಖಾತೆ ತೆಗೆದು, ಸೆಟ್ಟಿಂಗ್ಸಿನಿಂದ ಫ್ಯಾಕ್ಟರಿ ರೀಸೆಟ್ ಮಾಡಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಯಾರಿಗಿದೆ, ಸಂಜೆ ಹಾಲಿನ ಡೇರಿಗೆ ಹೋಗಬೇಕು.

ರಾತ್ರಿ ಹತ್ತಕ್ಕೆ ಕೊಂಡವನ ಕರೆ. ಬದಿಯ ಗುಂಡಿಗಳನ್ನು ಒತ್ತಿ ಹಿಡಿದು ತಾನೇ ಎಲ್ಲ ಅಳಿಸಿಕೊಂಡಿದ್ದಾನೆ. 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂದ ಕಾವಲು ಅಲ್ಲಿ ಅಡ್ಡ ನಿಂತು, ಹಳೇ ಒಡೆಯನ ಗುರುತು ಹೇಳದೆ ಒಳಗೆ ಬಿಡುವುದಿಲ್ಲ ಎನ್ನುತ್ತಿದೆ.

‘ಅಣ್ಣೋ, ನಿನ್ ಜೀಮೇಲ್ ಪಾಸ್‌ವರ್ಡ್ ಏನು?’

‘ಅದ್ಯಾವ್ದಪ್ಪ ಅದು? ಕೆ.ಆರ್.ಪೇಟೆಲಿ ಅಂಗಡಿ ಹುಡ್ಗ ಹಾಕ್ಕೊಟ್ಟಿದ್ದು. ಅವ್ನು ಈಗ ಬೆಂಗ್ಳೂರಿಗೆ ಹೋಗವ್ನೆ.’

‘ಅವ್ನ ನಂಬರ್ ಕೊಡು.’

‘ನಂಬರು ಆ ಫೋನಲ್ಲೇ ಐತಲ್ಲಪ್ಪ.’