ತಾಯಂದಿರ ಸಭಾಮಾಪನ ಮೀಮಾಂಸೆ

ಮಗು ಸಾಕುವುದನ್ನು ತಾಯಂದಿರಿಗೆ ಹೇಳಿಕೊಡುವುದು ಸುಲಭ. ಹೇಳಿಕೊಟ್ಟಾಯಿತೆಂದು ಸಾಧಿಸುವುದೇ ಕಷ್ಟ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದಾದ್ದರಿಂದ, ಪ್ರಸ್ತುತ ಶಾಸ್ತ್ರದ ಮೂಲಪೀಠ ಅದೇ ಎಂದು ನಮ್ಮ ಮತ.

ಕಾರ್ಯಕ್ರಮವೊಂದು ಹೇಳಿದಂತೆ ನಡೆಯಿತೋ ಇಲ್ಲವೋ ನೋಡಲು ಡೇನ್ ಮತ್ತು ಶ್ನೈಡರ್ ಎಂಬ ಆಚಾರ್ಯದ್ವಯರು 1998ರಲ್ಲಿ ಐದು ಅಂಗಗಳನ್ನು ವಿಧಿಸಿದರು: ನಿಷ್ಠೆ, ಪ್ರಮಾಣ, ಗುಣ, ಸ್ಪಂದನ, ಭಿನ್ನತೆ. ತಾಯಂದಿರ ಸಭೆ ನಡೆಯುವ ಅಂಗನವಾಡಿಯ ಜಮಖಾನೆಯ ಮೇಲೆ ಇವನ್ನು ಪರೀಕ್ಷಿಸೋಣ.

ನಿಷ್ಠೆಯೆಂದರೆ ಚಿತ್ರಪಟದ ಹಾಳೆಗಳೆಲ್ಲ ಮಗುಚಿರಬೇಕು. ಫ್ಯಾನಿನ ಗಾಳಿಗೆ ಮಗುಚಿದರೂ ಊರ್ಜಿತ. ಪ್ರಮಾಣಕ್ಕೆ ಸಾಕ್ಷಿ ಸಹಿ. ಹಾಜರಾತಿಯು ಭಾಷಣದ ವಿಷಯಕ್ಕಲ್ಲದೆ ಮೊಟ್ಟೆಯ ಆಗಮನಕ್ಕೆ ನೇರ ಅನುಪಾತದಲ್ಲಿರುತ್ತದೆಂಬುದು ನಿರ್ವಿವಾದ.

ಗುಣದ ವಿಚಾರ ಗಹನ. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದಮೇಲೆ ದಾಖಲೆಯೂ ಮೊಬೈಲು ಹೊಕ್ಕಿತು. ಫೋಟೊದಲ್ಲಿ ಬ್ಯಾನರು ಓದುವಂತಿರಬೇಕು, ತಾಯಂದಿರು ಕೇಳುತ್ತಿರುವಂತಿರಬೇಕು, ಮಕ್ಕಳು ಇರಬೇಕು ಆದರೆ ಅಳಬಾರದು. ಕಲಿಸುವವಳು, ತೂಕ ಹಾಕುವವಳು, ಫೋಟೊ ತೆಗೆಯುವವಳು, ಬರೆಯುವವಳು ಒಬ್ಬಳೇ ಕಾರ್ಯಕರ್ತೆ. ನಡುವೆ ಬೇರೆ ಇಲಾಖೆಯ ಸಮೀಕ್ಷೆ ಬಂದರೆ ಅದಕ್ಕೂ ಅವಳೇ. (ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ; ಗೌರವದ ಮಾಪನ ಇನ್ನೂ ಆಗಿಲ್ಲ.) ಆದಕಾರಣ ಊರಿನ ಗುಣಮಟ್ಟವು ಸದ್ಯಕ್ಕೆ ಫೋಟೊ ಏರಿಸಲು ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ನಿರ್ಧಾರವಾಗುತ್ತಿದೆ.

ಸ್ಪಂದನಕ್ಕೆ ಒಂದು ಉದಾಹರಣೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟರೆ ನೀರೂ ಬೇಡವೆಂದು ಕಾರ್ಯಕರ್ತೆ ಹೇಳಿದಾಗ ಒಬ್ಬ ಅಜ್ಜಿ ಎದ್ದು ನಿಂತಳು.

"ನನ್ ಮಗನಿಗೆ ನಾನು ಬಜೆ ತೇಯ್ದು ನೆಕ್ಕಿಸ್ದೆ ಕನ್ ಮಿಸ್ಸು. ಏನಾಗವ್ನೆ ಈಗ?"

"ನೀವೇ ಹೇಳಿ ಅಜ್ಜಿ, ಏನಾಗಿದಾನೆ?"

"ಏನಾಗ್ತಾನೆ? ಮಗೂನ ಹೆಂಡ್ತಿ ಕೈಗೆ ಕೊಟ್ಟು ಇಲ್ಲಿಗೆ ಕಳ್ಸಿ, ಅರಳಿಕಟ್ಟೆ ಮೇಲೆ ಕೂತವ್ನೆ."

ಇದನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂಬ ಬಗ್ಗೆ ಮೇಲ್ವಿಚಾರಕಿಯರಲ್ಲಿ ಏಕಾಭಿಪ್ರಾಯವಿಲ್ಲ. ತಾಯಂದಿರ ಸಭೆಯಲ್ಲಿ ತಂದೆಯನ್ನು ಅಳೆಯುವುದು ಶಾಸ್ತ್ರವಿರುದ್ಧ. 'ಚರ್ಚೆ ಫಲಪ್ರದವಾಗಿತ್ತು' ಎಂದು ಬರೆಯುವುದು ಶಿಷ್ಟಾಚಾರ.

ಉಳಿದದ್ದು ಭಿನ್ನತೆ: ಈ ಸಭೆ ಬೇರೆ ಸಭೆಗಳಿಗಿಂತ ಬೇರೆಯೇ? ಸ್ತ್ರೀಶಕ್ತಿ ಸಂಘದ ಸಭೆಗೂ ಇದೇ ಜಮಖಾನೆ, ಇವರೇ ಸಹಿದಾರರು. ಬ್ಯಾನರು ಮಾತ್ರ ಮಗ್ಗುಲು ಬದಲಿಸಿ ಕಟ್ಟಿದ್ದು.