ಕಪಾಟಿನೊಳಗಿನ ಮುಯ್ಯಿ

ಅಮೆರಿಕದಲ್ಲಿ ಮನೆ ಕಟ್ಟುವವರು ಬಚ್ಚಲಿನ ಪಕ್ಕ ಒಂದು ಕಿರುಗಪಾಟು ಬಿಟ್ಟಿರುತ್ತಾರೆ. ಲಿನನ್ ಕ್ಲಾಸೆಟ್ ಅಂತ ಅದರ ಹೆಸರು. ನಾಲ್ಕು ಬೆಡ್‌ಶೀಟು, ಆರು ಟವೆಲ್ಲು ಹಿಡಿಸಿದರೆ ಸಾಕು ಎಂದು ಲೆಕ್ಕ ಹಾಕಿದ ಪುಣ್ಯಾತ್ಮನಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟಿನಲ್ಲಿ ನೆಂಟರಿರಲಿಲ್ಲ. ನಮಗಿದ್ದಾರೆ.

ಹಾಗಾಗಿ ನ್ಯೂಜೆರ್ಸಿಯ ಎಡಿಸನ್ನಿನ ನಮ್ಮ ಕಪಾಟಿನ ಬಾಗಿಲು ತೆಗೆಯುವವರು ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಮೇಲಿನಿಂದ ಮೊದಲು ಬೀಳುವುದು ರವಿಕೆ ಕಣಗಳು. ಆಮೇಲೆ ಡಬ್ಬಿ ಸಮೇತ ಪಂಚೆ–ಶಲ್ಯ. ಅದರ ಕೆಳಗೆ ಬೈಲಕುಪ್ಪೆಯ ರತ್ನಗಂಬಳಿ. ಟಿಬೆಟನ್ನರು 1961ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿಗೆ ಬಂದು ನೆಲೆ ನಿಂತರು, ಅವರ ಕಂಬಳಿಯ ವಲಸೆ ಮಾತ್ರ ನ್ಯೂಜೆರ್ಸಿವರೆಗೂ ನಡೆಯಿತು. ತಳದಲ್ಲಿ ಕುರಿ ಉಣ್ಣೆಯ ಕರಿ ಕಂಬಳಿ. ಮಲೆ ಮಾದಪ್ಪನ ಗದ್ದುಗೆಗೆ ಹಾಸುವಂಥದ್ದು, ಅದರ ಮೇಲೆ ಮಲಗುವಂತಿಲ್ಲ, ಎಸೆಯುವ ಮಾತಂತೂ ಇಲ್ಲ.

ಬೆಡ್‌ಶೀಟುಗಳು ಬಂದ ದಾರಿಯೇ ಬೇರೆ. ವಿಮಾನದವರು ಕೊಡುವುದು 23 ಕಿಲೋದ ಎರಡು ಪೆಟ್ಟಿಗೆ. ಮಾವಿನ ಮಿಡಿ ಉಪ್ಪಿನಕಾಯಿ ಬಾಟಲು ಒಡೆಯಬಾರದಲ್ಲ, ಅದಕ್ಕೆ ಸುತ್ತಲು ಪ್ರತಿ ಸಲವೂ ಹೊಸ ಬೆಡ್‌ಶೀಟು. ಉಪ್ಪಿನಕಾಯಿ ತಿಂಗಳಲ್ಲಿ ಖಾಲಿ, ಬೆಡ್‌ಶೀಟು ಕಾಯಂ. ನಮ್ಮದು 90–108 ಇಂಚು, ಇಲ್ಲಿನ ಕ್ವೀನ್ ಹಾಸಿಗೆ 60–80. ಸಂಜೆ ಹಾಸಿದರೆ ಬೆಳಗ್ಗೆ ಅರ್ಧ ನೆಲದ ಮೇಲೆ. ಇಲ್ಲಿಯವರು ನಾಲ್ಕು ಮೂಲೆಗೂ ಎಲಾಸ್ಟಿಕ್ ಹೊಲಿದು ಬಿಗಿ ಮಾಡಿದ್ದಾರೆ, ಆದರೆ ಅದನ್ನು ಮಡಚುವ ವಿದ್ಯೆ ಯಾರಿಗೂ ಹೇಳಿಕೊಟ್ಟಿಲ್ಲ. ಅವ್ವ ಮೊದಲ ಸಲ ನೋಡಿ, “ಇದೇನ್ಲಾ, ಹಾಸಿಗೆಗೂ ಚಡ್ಡಿ ಹಾಕಿದ್ದೀರಾ?” ಅಂದಳು.

ನನ್ನ ಹೆಂಡತಿ ಮಾರಿ ಕೊಂಡೊ ಭಕ್ತೆ. ಕೈಗೆತ್ತಿಕೊಂಡಾಗ ಮನಸ್ಸು ಅರಳದ ವಸ್ತುವನ್ನು ಕಳಿಸಿಬಿಡಿ ಎಂದು ಹೇಳಿ, 2019ರಲ್ಲಿ ನೆಟ್‌ಫ್ಲಿಕ್ಸ್‌ಗೂ ಬಂದ ಜಪಾನಿನ ಮಹಾತಾಯಿ ಆಕೆ. ಮೂರನೆಯ ಮಗುವಾದ ಮೇಲೆ ತನ್ನ ಮನೆಯಲ್ಲೂ ಅಷ್ಟು ಅಚ್ಚುಕಟ್ಟಿಲ್ಲ ಎಂದು 2023ರಲ್ಲಿ ಆಕೆಯೇ ಒಪ್ಪಿಕೊಂಡ ಸುದ್ದಿಯನ್ನು ನಾನು ತೋರಿಸಿದೆ. “ರೀ, ನೀವು ಸುಮ್ನಿರಿ” ಎಂಬ ಉತ್ತರ ಬಂತು.

ಅಂತೂ ಕಪಾಟು ಚೊಕ್ಕ ಮಾಡಲು ಕೂತು, ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು ಎಂದು ಮೂರು ಗುಡ್ಡೆಗೆ ಜಾಗ ಮಾಡಿದೆವು. ಅವ್ವ ಬಂದು ಕೂತು ನಾಲ್ಕನೆಯದು ಶುರು ಮಾಡಿದಳು: ‘ಇರ್ಲಿ ಬುಡು’. ಕತ್ತಲಾಗುವುದರೊಳಗೆ ಉಳಿದ ಮೂರೂ ಅದರೊಳಗೆ ಸೇರಿದವು.

“ಅತ್ತೆ, ಈ ಕಣದಲ್ಲಿ ರವಿಕೆ ಹೊಲಿಸೋಕೂ ಆಗಲ್ಲ. ಕೊಟ್ಟುಬಿಡೋಣ.”

“ಹೊಲ್ಸಕ್ಕೆ ಅಂತ ಯಾರವ್ವ ಕೊಟ್ಟೋರು? ಇದು ಸರಗೂರಿನ ಬೀಗ್ರು ಮಡಿಲು ತುಂಬಿದ್ದು. ನಾಳೆ ಅವ್ರ ಮಗಳು ಬಂದ್ರೆ ಏನ್ ಕೊಟ್ಟೀಯೆ?”

“ಇದನ್ನೇ ಕೊಟ್ರೆ ಗುರುತು ಹಿಡೀತಾರಲ್ಲ!”

“ಅದಕ್ಕೇ ಅವ್ರಿಗೆ ಪಿರಿಯಾಪಟ್ಣದೋರ್ದು ಕೊಡು. ಪಿರಿಯಾಪಟ್ಣದೋರಿಗೆ ಇದನ್ನ ಕೊಡು.”

ಊರ ಮದುವೆಗಳಲ್ಲಿ ಚಪ್ಪರದ ಬಾಗಿಲಲ್ಲಿ ಒಬ್ಬರು ನೋಟುಬುಕ್ಕು ಹಿಡಿದು ಮುಯ್ಯಿ ಬರೆಯುತ್ತಾರೆ. ಯಾರು ಎಷ್ಟು ಕೊಟ್ಟರೋ ಅಷ್ಟು, ಸಾಧ್ಯವಾದರೆ ಒಂದು ರೂಪಾಯಿ ಹೆಚ್ಚಾಗಿ, ಅವರ ಮನೆಯ ಕಾರ್ಯಕ್ಕೆ ವಾಪಸಾಗಬೇಕು. ಅವ್ವನಿಗೆ ಈ ಕಪಾಟೂ ಅಂಥದ್ದೇ ಲೆಕ್ಕ. ಇನ್ನೂ ತೀರದ ಬಾಕಿಗಳನ್ನು ಮಾರಿ ಕೊಂಡೊ ಮನಸ್ಸು ಅರಳಲಿಲ್ಲ ಅಂತ ವಜಾ ಮಾಡಲು ಆಕೆಯೇನು ಸಾಲ ಮನ್ನಾ ಮಾಡುವ ಸರ್ಕಾರವೇ?

ಕೊನೆಗೆ ಹಳೇ ಟವೆಲ್ಲುಗಳನ್ನಾದರೂ ಸಾಗಿಸೋಣವೆಂದು, ಬೀದಿಪಾಲಾದ ನಾಯಿಗಳನ್ನು ಸಾಕುವ ಆಶ್ರಯಧಾಮಕ್ಕೆ ಕೊಡುವ ಮಾತೆತ್ತಿದೆ. ಊರಲ್ಲಿ ನಾಯಿ ಒಲೆಯ ಬೂದಿಯಲ್ಲಿ ಮಲಗುವುದನ್ನು ಕಂಡ ಅವ್ವ ರೇಗುತ್ತಾಳೆ ಎಂದುಕೊಂಡಿದ್ದೆ. ಅವಳು ತಾನೇ ಎರಡು ಬೆಡ್‌ಶೀಟು ಸೇರಿಸಿದಳು. “ಕೊಡ್ಲಾ ಮಗ. ನಾಯಿ ಮನೇಲಿ ಮದ್ವೆ ಇಲ್ಲ, ಗೃಹಪ್ರವೇಶ ಇಲ್ಲ. ಮುಯ್ಯಿ ರಗಳೆ ಇಲ್ಲ.”

ಕಪಾಟಿನ ಎರಡು ಅಟ್ಟ ಖಾಲಿಯಾದವು. ಹೆಂಡತಿ ಫೋಟೊ ತೆಗೆದು ತಂಗಿಗೆ ಕಳಿಸಿದಳು.

ವಾರ ಕಳೆದ ಮೇಲೆ ಆಶ್ರಯಧಾಮದಿಂದ ಧನ್ಯವಾದದ ಪತ್ರ ಬಂತು. ಜೊತೆಗೆ ನಾಯಿಯ ಚಿತ್ರವಿದ್ದ ಬಟ್ಟೆಯ ಕೈಚೀಲ. ಅವ್ವ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದಳು, ನೀಟಾಗಿ ಮಡಚಿದಳು, ಖಾಲಿ ಅಟ್ಟದ ಮೇಲಿಟ್ಟಳು.

“ಬಳಸ್ಬೇಡಿ ಕಣವ್ವ,” ಅಂದಳು ಸೊಸೆಗೆ, “ಅವ್ರಿಗೇನಾದ್ರೂ ತಿರುಗಿ ಕೊಡೋಗಂಟ ಇಲ್ಲೇ ಇರ್ಲಿ.”