ಎರಡು ಗಂಟೆಯ ಹಕ್ಕಿ

ಅಮೆರಿಕದ ಮಗನ ಮನೆಗೆ ಬಂದ ಅಪ್ಪಂದಿರಿಗೆ ಮೊದಲ ವಾರ ಒಂದೇ ಉದ್ಯೋಗ: ರಾತ್ರಿ ಮೂರಕ್ಕೆ ಎದ್ದು ಕೂತು ಬೆಳಗಾಗುವುದನ್ನು ಕಾಯುವುದು. ನಾನು ಒಗ್ಗರಣೆ ಹಾಕಲು ಹೋಗಿ ಹೊಗೆಯ ಅಲಾರಂ ಕೂಗಿಸಿದ್ದಾಯಿತು, ಬೆಳಕು ಹರಿದೊಡನೆ ಮುಂಬಾಗಿಲು ಗುಡಿಸಿದ್ದೂ ಆಯಿತು. ದಿನಾ ಗುಡಿಸಿದರೂ ಮಾರನೆಯ ದಿನ ಹೊಸ್ತಿಲ ಮೇಲೆ ಮತ್ತೆ ಹಸಿ ಮಣ್ಣು, ಪಾಚಿ. ಇಷ್ಟು ಚೊಕ್ಕಟವಾದ ಊರಲ್ಲಿ ಇದೆಲ್ಲಿಂದ ಬರುತ್ತದಪ್ಪ!

ಕೊನೆಗೆ ಸೊಸೆಯೇ ದಾರಿ ತೋರಿಸಿದಳು. "ಮಾವ, ಹೇಗೂ ಬೇಗ ಏಳ್ತೀರಲ್ಲ. ಭಾನುವಾರ ಮಿಲ್ ಗ್ರೋವ್‌ಗೆ ಹಕ್ಕಿ ನೋಡೋಕೆ ಹೋಗ್ತಾರೆ. ಪುಟ್ಟನ ಜೊತೆ ನೀವೂ ಹೋಗಿಬನ್ನಿ."

ಮಿಲ್ ಗ್ರೋವ್ ಎಂದರೆ ಫಿಲಡೆಲ್ಫಿಯಾ ಹತ್ತಿರ, ಪರ್ಕಿಯೋಮೆನ್ ಹೊಳೆಯ ಪಕ್ಕದ ತೋಟ. ಅದರಲ್ಲಿ 1762ರ ಕಲ್ಲುಮನೆ. ನೆಪೋಲಿಯನ್ನನ ಸೈನ್ಯಕ್ಕೆ ಮಗ ಸೇರಬೇಕಾದೀತೆಂದು ಹೆದರಿದ ಅಪ್ಪ 1803ರಲ್ಲಿ ಫ್ರಾನ್ಸಿನಿಂದ ಹುಡುಗನನ್ನು ಇಲ್ಲಿಗೆ ಅಟ್ಟಿದ. ಹುಡುಗ ತೋಟ ನೋಡಿಕೊಳ್ಳುವುದು ಬಿಟ್ಟು ಹಕ್ಕಿ ನೋಡಿಕೊಂಡ. ಹೆಸರು ಜಾನ್ ಜೇಮ್ಸ್ ಆಡುಬಾನ್. ಬಾನಲ್ಲಿ ಆಡುವುದನ್ನು ಬರೆದವನಿಗೆ ಕನ್ನಡದ ಕಿವಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ? ಹುಟ್ಟಿದ್ದು 1785ರ ಏಪ್ರಿಲ್ 26. ನಾವು ಹೋದದ್ದೂ ಅದರ ಆಸುಪಾಸಿನ ಭಾನುವಾರವೇ.

ಎಲೆ ಇನ್ನೂ ತುಂಬಿರದ ಮರಗಳ ಕೆಳಗೆ ಹತ್ತು ಹನ್ನೆರಡು ಜನ ಕತ್ತೆತ್ತಿ ನಿಂತಿದ್ದರು. ಯಾರೋ "ಟೂ ಓ ಕ್ಲಾಕ್" ಎಂದು ಪಿಸುಗುಟ್ಟಿದರು. ನಾನು ಗಡಿಯಾರ ನೋಡಿಕೊಂಡೆ. ಊರಿನ ಸಮಯದಲ್ಲೇ ಓಡುತ್ತಿದ್ದ ಅದರಲ್ಲಿ ಸಂಜೆ ಐದಾಗಿತ್ತು. "ತಾತಾ, ಮರಾನೇ ಗಡಿಯಾರ ಅಂದ್ಕೋ. ಎರಡರ ಮುಳ್ಳಿನ ಕಡೆ ನೋಡು" ಎಂದ ಪುಟ್ಟ. ಬೈನಾಕ್ಯುಲರ್ ಎತ್ತಿ ಎರಡು ಗಂಟೆ ಹುಡುಕುವಷ್ಟರಲ್ಲಿ ಹಕ್ಕಿ ನಾಲ್ಕಕ್ಕೆ ಹಾರಿತ್ತು.

ಆಡುಬಾನನಿಗೆ ಈ ತಾಪತ್ರಯವಿರಲಿಲ್ಲ. ಮೊದಲು ಹೊಡೆದು ಬೀಳಿಸುತ್ತಿದ್ದ, ಆಮೇಲೆ ಚೌಕಳಿ ಎಳೆದ ಹಲಗೆಗೆ ತಂತಿಯಿಂದ ಬಿಗಿದು, ಜೀವ ಇದ್ದ ಹಾಗೆ ನಿಲ್ಲಿಸಿ ಬರೆಯುತ್ತಿದ್ದ. 1827ರಿಂದ 1838ರವರೆಗೆ ಅಚ್ಚಾದ ಅವನ 'ದಿ ಬರ್ಡ್ಸ್ ಆಫ್ ಅಮೆರಿಕ'ದಲ್ಲಿ 435 ಚಿತ್ರ. ಪ್ರತಿ ಹಕ್ಕಿಯೂ ತನ್ನ ನಿಜದ ಅಳತೆಯಲ್ಲೇ ಇರಬೇಕೆಂಬ ಹಟ. ಹಾಳೆ ಮೂರು ಅಡಿಗೂ ಮಿಕ್ಕಿ ಎತ್ತರ. ಅಷ್ಟಾದರೂ ಫ್ಲೆಮಿಂಗೋ ಹಿಡಿಸಲಿಲ್ಲ. ಪಾಪ, ಅದರ ಕತ್ತನ್ನು ನೆಲದವರೆಗೆ ಬಗ್ಗಿಸಿದ್ದಾನೆ.

ಮನುಷ್ಯ ಸಾಚಾ ಅಲ್ಲ. ಗುಲಾಮರನ್ನು ಕೊಂಡು ಮಾರಿದವನು. ಅದಕ್ಕಾಗಿಯೇ ಇಲ್ಲಿನ ಕೆಲವು ಹಕ್ಕಿ ಸಂಘಗಳು ಅವನ ಹೆಸರು ಬಿಟ್ಟಿವೆ. ರಾಷ್ಟ್ರಮಟ್ಟದ ಸಂಘ ಮಾತ್ರ 2023ರಲ್ಲಿ ಉಳಿಸಿಕೊಂಡಿತು. ಸುಳ್ಳು ಹೊಸೆಯುವುದರಲ್ಲೂ ಗಟ್ಟಿಗ. ಮನೆಗೆ ಬಂದಿದ್ದ ರಫಿನೆಸ್ಕ್ ಎಂಬ ಪಂಡಿತ ರಾತ್ರಿ ಬಾವಲಿ ಹಿಡಿಯಲು ಇವನ ಪಿಟೀಲನ್ನೇ ಬೀಸಿ ಪುಡಿ ಮಾಡಿದನಂತೆ. ಇವನು ಇಲ್ಲದ ಮೀನುಗಳನ್ನು ವರ್ಣಿಸಿ ಹೇಳಿದ. ಆತ ಅವನ್ನೆಲ್ಲ ನಂಬಿ ಅಚ್ಚು ಹಾಕಿಸಿದ! ಪಿಟೀಲಿನ ಲೆಕ್ಕ ಚುಕ್ತಾ.

ಹೊಳೆದಂಡೆಯಲ್ಲಿ ಕೊನೆಗೂ ನನಗೊಂದು ಹಕ್ಕಿ ಸಿಕ್ಕಿತು. ಬೂದುಗಂದು ಮೈ, ಮಾಸಲು ಬಿಳಿ ಹೊಟ್ಟೆ. ಬಣ್ಣದ ವಿಷಯದಲ್ಲಿ ಏನೇನೂ ಖರ್ಚು ಮಾಡದ ಹಕ್ಕಿ. ಕೂತಲ್ಲೇ ಬಾಲ ಕೆಳಕ್ಕೆ ಜಗ್ಗುವುದು, ಛಂಗನೆ ಹಾರಿ ನೊಣ ಹಿಡಿದು ಅದೇ ಕೊಂಬೆಗೆ ಮರಳುವುದು, ಥೇಟ್ ನಮ್ಮ ಕಾಜಾಣ. "ಫೀಬಿ, ಫೀಬಿ" ಎಂದು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತಿತ್ತು. ಆಡುಬಾನ್ ಇಲ್ಲಿನದೇ ಗುಹೆಯಲ್ಲಿ ಫೀಬಿ ಮರಿಗಳ ಕಾಲಿಗೆ ಬೆಳ್ಳಿ ನೂಲು ಕಟ್ಟಿದನಂತೆ. ಮರುವರ್ಷ ನೂಲಿನ ಸಮೇತ ಎರಡು ಹಕ್ಕಿ ಮರಳಿದವಂತೆ. ಆ ವಸಂತದಲ್ಲಿ ಅವನು ಫ್ರಾನ್ಸಿನಲ್ಲಿದ್ದನಲ್ಲ ಎಂದು ಈಚಿನ ಸಂಶೋಧಕರು ತಕರಾರು ತೆಗೆದಿದ್ದಾರೆ. ಮೀನಿನ ಕಥೆ ಕೇಳಿದ ಮೇಲೆ ನನಗೂ ಅನುಮಾನವೇ. ಆದರೂ ನನ್ನ ಕಣ್ಣು ಆ ಹಕ್ಕಿಯ ಕಾಲನ್ನೇ ಹುಡುಕಿತು.

"ಇದು ಗೂಡು ಎಲ್ಲಿ ಕಟ್ಟುತ್ತೆ?" ಎಂದು ಪುಟ್ಟನಿಂದ ಕೇಳಿಸಿದೆ. ಮುಂದಾಳು ಹೆಂಗಸು ನಕ್ಕು ಹೇಳಿದ್ದನ್ನು ಅವನು ಕನ್ನಡಕ್ಕಿಳಿಸಿದ: "ಸೇತುವೆ ಕೆಳಗೆ, ಮನೆ ಸೂರಿನ ಕೆಳಗೆ, ಬಾಗಿಲ ದೀಪದ ಮೇಲೆ. ಹಸಿ ಮಣ್ಣು, ಪಾಚಿ ತಂದು."

ನಾನು ಪೊರಕೆ ಎತ್ತಿಟ್ಟು ವಾರವಾಯಿತು. ಮನೆಮಂದಿಯೆಲ್ಲ ಈಗ ಹಿಂಬಾಗಿಲಿನಿಂದಲೇ ಓಡಾಡುತ್ತಿದ್ದೇವೆ.